14 ಪುಟದ ಗಣಿತದ ಪೇಪರ್ ಎಲ್ಲಿಗೆ ಕಳಿಸಬೇಕು?

ಪ್ರಶ್ನೆ: ಮೇಡಂ, ನಾನು ರಾಜಾಜಿನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ, ಜೊತೆಗೆ ಪಾರ್ಟ್‌ಟೈಮ್ ಪಿಎಚ್‌ಡಿ. ಪಾರ್ಟಿಶನ್‌ಗಳ (ಒಂದು ಸಂಖ್ಯೆಯನ್ನು ಪೂರ್ಣಾಂಕಗಳ ಮೊತ್ತವಾಗಿ ಒಡೆದು ಬರೆಯುವ ಬಗೆಗಳ) ಕಾಂಗ್ರುಯೆನ್ಸ್, ಅಂದರೆ ಅವುಗಳ ಎಣಿಕೆಯನ್ನು ಭಾಗಿಸಿದಾಗ ಉಳಿಯುವ ಶೇಷದ ನಿಯಮಗಳ ಬಗ್ಗೆ 14 ಪುಟದ ಪೇಪರ್ ಸಿದ್ಧವಾಗಿದೆ, ಇದೇ ನನ್ನ ಮೊದಲ ಪೇಪರ್. ಸಹೋದ್ಯೋಗಿಯೊಬ್ಬರು ಒಂದು ಜರ್ನಲ್ ಹೆಸರು ಕೊಟ್ಟು, 12,000 ರೂಪಾಯಿ ಕಟ್ಟಿದರೆ 15 ದಿನದಲ್ಲಿ ಅಕ್ಸೆಪ್ಟ್ ಆಗುತ್ತದೆ ಅಂದರು. ನನ್ನ ಗೈಡ್ ಮಾತ್ರ ಒಳ್ಳೆಯ ಜರ್ನಲ್‌ಗೇ ಕಳಿಸಿ, ಕಾಯಿರಿ ಅನ್ನುತ್ತಾರೆ. ಎಷ್ಟು ಕಾಯಬೇಕು? ಅಷ್ಟರಲ್ಲಿ ಆರ್ಕೈವ್‌ಗೆ (ಅಚ್ಚಾಗುವ ಮುಂಚೆಯೇ ಪೇಪರ್ ಹಾಕುವ arXiv ವೆಬ್‌ಸೈಟ್) ಹಾಕಿದರೆ ಯಾರಾದರೂ ಕದ್ದರೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ 12,000 ರೂಪಾಯಿ ವಿಷಯ ಮುಗಿಸೋಣ. ಕೊಡಬೇಡಿ. ದುಡ್ಡು ಹೋಗುತ್ತದೆ ಅನ್ನುವುದಕ್ಕಿಂತ ನಿಮ್ಮ ಪೇಪರ್ ಹೋಗುತ್ತದೆ ಅಂತ ಹೇಳುತ್ತಿದ್ದೇನೆ. ಒಮ್ಮೆ ಅಲ್ಲಿ ಅಚ್ಚಾಯಿತು ಅಂದರೆ ಅದೇ ಫಲಿತಾಂಶವನ್ನು ಇನ್ನೊಂದು ಜರ್ನಲ್‌ಗೆ ಕಳಿಸುವ ಹಾಗಿಲ್ಲ. ವರ್ಷಗಟ್ಟಲೆ ಕೂತು ಮಾಡಿದ ಕೆಲಸ, ಅದನ್ನು ಓದಬೇಕಾದ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಮುಂದೆ ಎಲ್ಲಾದರೂ ಅರ್ಜಿ ಹಾಕಿದಾಗ ಆಯ್ಕೆ ಸಮಿತಿಯಲ್ಲಿ ಗಣಿತ ಬಲ್ಲವರು ಕೂತಿದ್ದರೆ, ಅವರು ಪೇಪರ್‌ಗಿಂತ ಮೊದಲು ನೋಡುವುದು ಜರ್ನಲ್ ಹೆಸರನ್ನೇ.

15 ದಿನದಲ್ಲಿ ಯಾಕೆ ಆಗುವುದಿಲ್ಲ ಅಂತ ತಿಳಿಯಬೇಕಾದರೆ, ಪೇಪರ್ ಕಳಿಸಿದ ಮೇಲೆ ಅದಕ್ಕೆ ಏನೇನಾಗುತ್ತದೆ ಅಂತ ನೋಡಬೇಕು. ಜರ್ನಲ್‌ನ ಎಡಿಟರ್ ಅಂದರೆ ಎಲ್ಲೋ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ, ಸಂಶೋಧನೆ ಮಾಡುತ್ತಾ, ಇದನ್ನೂ ನೋಡಿಕೊಳ್ಳುವ ಒಬ್ಬ ಗಣಿತಜ್ಞ. ಪೇಪರ್ ಬಂದಾಗ ಅವರು ಮೊದಲ ಎರಡು ಪುಟ ಓದುತ್ತಾರೆ. ತಮ್ಮ ಜರ್ನಲ್‌ಗೆ ಸರಿಹೋಗುವುದಿಲ್ಲ ಅನಿಸಿದರೆ ಅಲ್ಲೇ ವಾಪಸ್ ಕಳಿಸುತ್ತಾರೆ. ಅನುಮಾನವಿದ್ದರೆ ಆ ವಿಷಯ ಬಲ್ಲ ಒಬ್ಬರಿಗೆ ಬರೆದು, ಸಾಧನೆ (ಪ್ರಮೇಯದ ಪ್ರೂಫ್) ಪರೀಕ್ಷಿಸುವುದು ಬೇಡ, ಸುಮ್ನೆ ಕಣ್ಣಾಡಿಸಿ ಇದು ನಮಗೆ ತಕ್ಕ ಮಟ್ಟದ್ದಾ ಹೇಳಿ ಅಂತ ಕೇಳುತ್ತಾರೆ. ಆ ಮಾತು ಅನುಕೂಲವಾಗಿ ಬಂದರೆ ಮಾತ್ರ ಪೂರ್ತಿ ಓದುವುದಕ್ಕೆ ರೆಫರಿಯನ್ನು ಹುಡುಕುತ್ತಾರೆ. ಮೊದಲು ಕೇಳಿದವರು ಒಪ್ಪದೆ ಇರಬಹುದು, ಎರಡನೆಯವರು ಉತ್ತರವನ್ನೇ ಕೊಡದೆ ಇರಬಹುದು. ಕೊನೆಗೆ ಒಪ್ಪಿದವರೂ ಒಂದು ಪೈಸೆ ತೆಗೆದುಕೊಳ್ಳದೆ, ತಮ್ಮ ಪಾಠ, ಪರೀಕ್ಷೆ, ವಿದ್ಯಾರ್ಥಿಗಳ ನಡುವೆ ಬಿಡುವು ಮಾಡಿಕೊಂಡು ನಿಮ್ಮ ಒಂದೊಂದು ಲೆಮ್ಮಾವನ್ನೂ (ಸಣ್ಣ ಸಹಾಯಕ ಪ್ರಮೇಯ) ಪೆನ್ನು ಹಿಡಿದು ಪರೀಕ್ಷಿಸಬೇಕು. ಗಣಿತದಲ್ಲಿ ಒಂದು ಪುಟ ಓದುವುದಕ್ಕೆ ಇಡೀ ಸಂಜೆ ಹಿಡಿಯುವುದುಂಟು, ನಿಮಗೇ ಗೊತ್ತಲ್ವಾ? ಹಾಗಾಗಿ ಆರು ತಿಂಗಳು ಮಾಮೂಲು, ಒಂದು ವರ್ಷ ಆದರೂ ಆಶ್ಚರ್ಯವಿಲ್ಲ.

ದುಡ್ಡು ಕಟ್ಟಿದರೆ ಸಾಕು ಅನ್ನುವ ಜರ್ನಲ್‌ಗಳಲ್ಲಿ ಓದುವವರೇ ಇರುವುದಿಲ್ಲ. 2012ರಲ್ಲಿ ನೇಟ್ ಎಲ್ಡ್ರೆಜ್ ಅನ್ನುವ ಅಮೆರಿಕದ ಗಣಿತಜ್ಞರು ಮ್ಯಾತ್‌ಜೆನ್ ಅಂತ ಒಂದು ಪ್ರೋಗ್ರಾಂ ಬರೆದರು. ಗಣಿತದ ಪದಗಳನ್ನು ಸಿಕ್ಕಾಪಟ್ಟೆ ಬೆರೆಸಿ, ನೋಡುವುದಕ್ಕೆ ಪೇಪರ್ ಹಾಗೇ ಕಾಣುವ ಆದರೆ ಅರ್ಥವೇ ಇಲ್ಲದ ಪುಟಗಳನ್ನು ಅದು ತಯಾರಿಸುತ್ತದೆ. ಅಂಥ ಒಂದನ್ನು ಶುಲ್ಕ ತೆಗೆದುಕೊಳ್ಳುವ ಒಂದು ಜರ್ನಲ್ ಸ್ವೀಕರಿಸಿಯೇಬಿಟ್ಟಿತು, 500 ಡಾಲರ್ ಕಟ್ಟಿ ಅಂದಿತು. ನಿಮ್ಮ ನಿಜವಾದ ಪ್ರಮೇಯ ಅಂಥದ್ದರ ಪಕ್ಕದಲ್ಲಿ ಕೂರಬೇಕಾ?

ಯಾವುದು ಸರಿಯಾದ ಜರ್ನಲ್ ಅಂತ ಪತ್ತೆ ಮಾಡುವುದು ಗಣಿತದಲ್ಲಿ ಸುಲಭ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಮ್ಯಾತ್‌ಸೈನೆಟ್ ಇದೆ, ಜರ್ಮನಿಯ ಜೆಡ್‌ಬಿ-ಮ್ಯಾತ್ (zbMATH) ಇದೆ, ಎರಡೂ ಗಣಿತದ ಪೇಪರ್‌ಗಳನ್ನು ಪಟ್ಟಿ ಮಾಡುವ ಡೇಟಾಬೇಸ್‌ಗಳು. ಮೊದಲನೆಯದಕ್ಕೆ ಕಾಲೇಜೋ ವಿಶ್ವವಿದ್ಯಾಲಯವೋ ಚಂದಾ ಕಟ್ಟಿರಬೇಕು. ಎರಡನೆಯದು 2021ರಿಂದ ಎಲ್ಲರಿಗೂ ಉಚಿತ, ನಿಮ್ಮ ಮೊಬೈಲ್‌ನಲ್ಲೇ ತೆರೆಯಬಹುದು. ಸಹೋದ್ಯೋಗಿ ಹೇಳಿದ ಜರ್ನಲ್ ಹೆಸರನ್ನು ಅಲ್ಲಿ ಹುಡುಕಿ. ಸಿಗದಿದ್ದರೆ ಆ ಜರ್ನಲ್ ಅನ್ನು ಗಣಿತದ ಲೋಕ ಲೆಕ್ಕಕ್ಕೇ ಇಟ್ಟಿಲ್ಲ ಅಂತ ತಿಳಿಯಿರಿ. ಸಿಕ್ಕಿದರೂ ಹಿಂದಿನ ಎರಡು ಮೂರು ಸಂಚಿಕೆ ತೆರೆದು ನೋಡಿ: ನೀವು ಯಾರ ಪೇಪರ್ ಓದಿ ಕಲಿತಿರೋ ಅವರಲ್ಲಿ ಯಾರಾದರೂ ಅಲ್ಲಿ ಬರೆದಿದ್ದಾರಾ? ಇನ್ನೊಂದು ಎಚ್ಚರಿಕೆ. ಒಳ್ಳೆಯ ಜರ್ನಲ್‌ನ ಹೆಸರನ್ನೇ ಇಟ್ಟುಕೊಂಡು ನಕಲಿ ವೆಬ್‌ಸೈಟ್ ನಡೆಸುವವರೂ ಇದ್ದಾರೆ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಜೆಡ್‌ಬಿ-ಮ್ಯಾತ್ ಪುಟದಲ್ಲಿ ಇರುವ ಕೊಂಡಿಯಿಂದಲೇ ಹೋಗಿ.

ಬಹಳ ಜನ ಯುಜಿಸಿ-ಕೇರ್, ಅಂದರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿ ಇದೆಯಾ ಅಂತ ಈಗಲೂ ಕೇಳುತ್ತಾರೆ. ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ನಿಲ್ಲಿಸಿತು. ಥೀಸಿಸ್ ಕೊಡುವ ಮುಂಚೆ ಪೇಪರ್ ಅಚ್ಚಾಗಲೇಬೇಕು ಅನ್ನುವ ಷರತ್ತನ್ನೂ 2022ರ ಪಿಎಚ್‌ಡಿ ನಿಯಮಗಳಲ್ಲಿ ಕೈಬಿಟ್ಟರು. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು, ಹಾಗಾಗಿ ನಿಮ್ಮ ಪಿಎಚ್‌ಡಿ ವಿಭಾಗಕ್ಕೆ ಹೋಗಿ ಲಿಖಿತ ನಿಯಮದ ಪ್ರತಿಯನ್ನೇ ಕೇಳಿ. ಅಚ್ಚಾಗಿರಬೇಕಾ, ಸ್ವೀಕಾರ ಪತ್ರ ಸಾಕಾ, ಯಾವ ಪಟ್ಟಿ ಒಪ್ಪುತ್ತಾರೆ, ಇದನ್ನೆಲ್ಲ ಈಗಲೇ ತಿಳಿದುಕೊಂಡರೆ ಆಮೇಲೆ ಅವಸರಕ್ಕೆ ಬಿದ್ದು ತಪ್ಪು ಜಾಗಕ್ಕೆ ಕಳಿಸುವ ಪರಿಸ್ಥಿತಿ ಬರುವುದಿಲ್ಲ. 15 ದಿನದ ಜರ್ನಲ್‌ಗಳು ಬದುಕಿರುವುದೇ ಈ ಅವಸರದ ಮೇಲೆ.

ಸರಿ, ಹಾಗಾದರೆ ಎಲ್ಲಿಗೆ? ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ ಮಾತು, ಜರ್ನಲ್ ಹುಡುಕಬೇಡಿ, ಓದುವವರನ್ನು ಹುಡುಕಿ. ನಿಮ್ಮ ಪೇಪರ್‌ನ ಕೊನೆಯಲ್ಲಿ ಇರುವ ಆಕರಗಳ ಪಟ್ಟಿ ತೆಗೆಯಿರಿ. ಅದರಲ್ಲಿ ಇತ್ತೀಚಿನ ಹತ್ತು ವರ್ಷದ ಪೇಪರ್‌ಗಳು ಯಾವ ಜರ್ನಲ್‌ಗಳಲ್ಲಿ ಬಂದಿವೆ ಅಂತ ಬರೆದುಕೊಳ್ಳಿ. ಎರಡು ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ. ಆ ಜರ್ನಲ್‌ಗಳ ಸಂಪಾದಕ ಮಂಡಳಿಯ ಪಟ್ಟಿ ತೆರೆದು, ಯಾರು ನಿಮ್ಮ ವಿಷಯಕ್ಕೆ ಹತ್ತಿರ ಅಂತ ನೋಡಿ. ನಿಮ್ಮ ಪ್ರಮೇಯದ ಹೇಳಿಕೆ ಓದಿದ ತಕ್ಷಣ ಅದು ಯಾಕೆ ಮುಖ್ಯ ಅಂತ ಅರ್ಥವಾಗುವ ಒಬ್ಬರಾದರೂ ಅಲ್ಲಿ ಇರಬೇಕು. ಇಲ್ಲದಿದ್ದರೆ ಆ ಜರ್ನಲ್ ಎಷ್ಟೇ ದೊಡ್ಡದಾಗಿದ್ದರೂ ನಿಮ್ಮ ಪೇಪರ್ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆದು ತಿಂಗಳುಗಳ ಮೇಲೆ ವಾಪಸ್ ಬರುತ್ತದೆ.

ಪಾರ್ಟಿಶನ್ ವಿಷಯಕ್ಕೆ ಹೇಳಬೇಕೆಂದರೆ ನಿಮಗೆ ಆಯ್ಕೆ ಚೆನ್ನಾಗಿಯೇ ಇದೆ. 1997ರಲ್ಲಿ ಶುರುವಾದ ರಾಮಾನುಜನ್ ಜರ್ನಲ್ ಈ ಕ್ಷೇತ್ರಕ್ಕೇ ಮೀಸಲು ಅನ್ನಬಹುದು. ಇಂಟರ್‌ನ್ಯಾಷನಲ್ ಜರ್ನಲ್ ಆಫ್ ನಂಬರ್ ಥಿಯರಿ, ಜರ್ನಲ್ ಆಫ್ ನಂಬರ್ ಥಿಯರಿ ಇವೆ. ಕಾಂಬಿನಟೋರಿಯಲ್ (ಎಣಿಕೆಯ) ವಾದ ಜಾಸ್ತಿ ಇದ್ದರೆ ಇಂಟಿಜರ್ಸ್ ಇದೆ. ನಮ್ಮ ದೇಶದಲ್ಲೇ ಬೇಕೆಂದರೆ ಸದಾಶಿವನಗರದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್, ಅದರಲ್ಲಿ ಗಣಿತಕ್ಕೇ ಬೇರೆ ಸಂಪುಟ ಬರುತ್ತದೆ. ರಾಮಾನುಜನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಜರ್ನಲ್ ಇದೆ, ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಇಂಡಿಯನ್ ಜರ್ನಲ್ ಆಫ್ ಪ್ಯೂರ್ ಅಂಡ್ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ಇದೆ. ಹಾರ್ಡಿ–ರಾಮಾನುಜನ್ ಜರ್ನಲ್ ಅಂತೂ ಓದುವವರಿಗೂ ಉಚಿತ, ಬರೆಯುವವರಿಗೂ ಉಚಿತ. ಅದನ್ನು 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆ ಸೇರಿ ಕಟ್ಟಿದ ಕೆ. ರಾಮಚಂದ್ರ ನಮ್ಮ ಮಂಡ್ಯದವರು. ಸಂಖ್ಯಾ ಸಿದ್ಧಾಂತಕ್ಕೇ ಬದುಕು ಕೊಟ್ಟು, ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ಇದ್ದರು. ಅಮೆರಿಕನ್ ಸೊಸೈಟಿಯ ಪ್ರೊಸೀಡಿಂಗ್ಸ್ ಕಡೆ ಕಣ್ಣಿದ್ದರೆ ಅಲ್ಲಿ ಅಚ್ಚಿನ 15 ಪುಟ ಮೀರುವ ಹಾಗಿಲ್ಲ, ನಿಮ್ಮ 14 ಪುಟ ಅಷ್ಟರೊಳಗೆ ಬರುತ್ತದೆ. ಆದರೆ ಅಲ್ಲಿ ಎಲ್ಲ ಶಾಖೆಗಳವರಿಗೂ ಕುತೂಹಲ ಹುಟ್ಟಿಸುವ ಫಲಿತಾಂಶ ಬೇಕು.

ನಿಮ್ಮ ಪೇಪರ್ ಮಟ್ಟ ಎಷ್ಟು ಅಂತ ಪ್ರಾಮಾಣಿಕವಾಗಿ ಅಳೆಯುವುದು ಇಲ್ಲಿನ ಕಷ್ಟದ ಕೆಲಸ, ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಾಲ್ಕನ್ನು ಒಡೆಯುವುದಕ್ಕೆ 5 ದಾರಿ, ಒಂಬತ್ತನ್ನು ಒಡೆಯುವುದಕ್ಕೆ 30, ಹದಿನಾಲ್ಕಕ್ಕೆ 135, ಹೀಗೆ ಐದೈದು ಸೇರಿಸುತ್ತಾ ಹೋದರೆ ಎಣಿಕೆ ಯಾವಾಗಲೂ ಐದರಿಂದ ಭಾಗವಾಗುತ್ತದೆ ಅಂತ ರಾಮಾನುಜನ್ 1919ರಲ್ಲಿ ತೋರಿಸಿದ್ದು ಆವತ್ತಿಗೆ ಬೆರಗು. ಇವತ್ತು ನೂರಾರು ಬಗೆಯ ಪಾರ್ಟಿಶನ್‌ಗಳಿಗೆ ಇಂಥ ಕಾಂಗ್ರುಯೆನ್ಸ್‌ಗಳು ಗೊತ್ತಿವೆ. ಐದು ಅಥವಾ ಅದಕ್ಕಿಂತ ದೊಡ್ಡ ಪ್ರತಿ ಅವಿಭಾಜ್ಯ ಸಂಖ್ಯೆಗೂ ಸಾಮಾನ್ಯ ಪಾರ್ಟಿಶನ್‌ಗೆ ಅಂಥ ಕಾಂಗ್ರುಯೆನ್ಸ್‌ಗಳು ಅನಂತವಾಗಿವೆ ಅಂತ ಕೆನ್ ಓನೋ 2000ದಲ್ಲಿ ಸಾಧಿಸಿ ಆಗಿದೆ. ಅದಕ್ಕಿಂತ ಮುಂಚೆಯೇ, 1980ರ ದಶಕದಲ್ಲಿ, ಸ್ಟರ್ಮ್ ಅನ್ನುವವರ ಪ್ರಮೇಯ ಬಂತು: ಎರಡು ಮಾಡ್ಯುಲರ್ ಫಾರ್ಮ್‌ಗಳ (ವಿಶೇಷ ಸಮ್ಮಿತಿ ಇರುವ ಫಲನಗಳ) ಗುಣಾಂಕಗಳು ಒಂದು ನಿರ್ದಿಷ್ಟ ಮಿತಿಯ ತನಕ ಹೊಂದಿದರೆ ಪೂರ್ತಿ ಹೊಂದುತ್ತವೆ. ಅಂದರೆ ಒಂದೇ ಒಂದು ಬಿಡಿ ಕಾಂಗ್ರುಯೆನ್ಸ್ ಆದರೆ ಬಹಳ ಸಲ ಕಂಪ್ಯೂಟರ್ ಎಣಿಸಿ ತೀರ್ಮಾನ ಮಾಡಿಬಿಡುತ್ತದೆ. ಸಿಲ್ವಿಯು ರಾಡು ಇದನ್ನು ಒಂದು ಅಲ್ಗಾರಿದಮ್ ಆಗಿಯೇ ಬೆಳೆಸಿದ್ದಾರೆ.

ಹಾಗಾಗಿ ನಾನು ರೆಫರಿಯಾಗಿ ಇಂಥ ಪೇಪರ್ ಕೈಗೆತ್ತಿಕೊಂಡಾಗ ಮೊದಲು ಕೇಳುವ ಪ್ರಶ್ನೆ: ಇದು ಯಂತ್ರದಿಂದ ಆಗುವ ಸಾಧನೆಯಾ, ಅಥವಾ ಇದರಲ್ಲಿ ಹೊಸ ಕಾರಣ ಕಾಣುತ್ತಿದೆಯಾ? ಅನಂತ ಕಾಂಗ್ರುಯೆನ್ಸ್‌ಗಳ ಒಂದು ಸರಣಿ ಕೊಟ್ಟಿದ್ದೀರಾ? ಕಂಪ್ಯೂಟರ್ ಹೌದು ಅಂತ ಮಾತ್ರ ಹೇಳುವ ಕಡೆ ನೀವು ಯಾಕೆ ಹೌದು ಅಂತ ಹೇಳುವ ಗುಂಪು-ಎಣಿಕೆಯ ವಾದ ಕೊಟ್ಟಿದ್ದೀರಾ? ಹಳೆಯ ಮೂರು ನಾಲ್ಕು ಪೇಪರ್‌ಗಳ ಫಲಿತಾಂಶ ನಿಮ್ಮ ಒಂದೇ ಪ್ರಮೇಯದಿಂದ ಹೊರಬರುತ್ತದಾ? ಇದರಲ್ಲಿ ಒಂದಕ್ಕಾದರೂ ಹೌದು ಅನ್ನುವಂತಿದ್ದರೆ ಆ ಮಾತನ್ನು ಮೊದಲ ಪುಟದಲ್ಲೇ ಬರೆಯಿರಿ. ಒಂದಕ್ಕೂ ಹೌದು ಇಲ್ಲ ಅಂದರೆ ಪೇಪರ್ ಕೆಟ್ಟದ್ದು ಅಂತ ಅಲ್ಲ, ಇನ್ನೂ ಮುಗಿದಿಲ್ಲ ಅಂತ ಅರ್ಥ. ಎರಡು ತಿಂಗಳು ಇನ್ನಷ್ಟು ಕೆಲಸ ಮಾಡಿ ಕಳಿಸಿದರೆ ಬೇರೆ ಮಟ್ಟದ ಜರ್ನಲ್‌ಗೆ ಹೋಗುತ್ತದೆ. ಕಳಿಸುವ ಮುಂಚೆ ನಿಮ್ಮ ಎಣಿಕೆಗಳನ್ನು ಓಇಐಎಸ್‌ನಲ್ಲಿ (ಸಂಖ್ಯೆಗಳ ಸಾಲುಗಳ ಆನ್‌ಲೈನ್ ಕೋಶ) ಹಾಕಿ ಹುಡುಕುವುದನ್ನೂ ಮರೆಯಬೇಡಿ. ಬೇರೆ ಹೆಸರಿನಲ್ಲಿ ಅದೇ ಸಾಲು ಅಲ್ಲಿ ಈಗಾಗಲೇ ಕೂತಿರುವುದು ಎಷ್ಟೋ ಸಲ ನೋಡಿದ್ದೇನೆ.

ಮುನ್ನುಡಿಯ ಬಗ್ಗೆ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ವ್ಯಾಖ್ಯೆಗಳು, ಸಂಕೇತಗಳು, ಹಿಂದೆ ಯಾರು ಯಾರು ಏನು ಮಾಡಿದರು ಅನ್ನುವ ಉದ್ದನೆಯ ಪಟ್ಟಿ, ಇದೆಲ್ಲ ಆಗಿ ಐದನೇ ಪುಟದಲ್ಲಿ ಪ್ರಮೇಯ ಬರುತ್ತದೆ. ಎಡಿಟರ್ ಐದನೇ ಪುಟಕ್ಕೆ ಬರುವುದೇ ಇಲ್ಲ. ಮೊದಲ ಎರಡು ಪುಟದೊಳಗೆ ಮುಖ್ಯ ಪ್ರಮೇಯದ ಪೂರ್ತಿ ಹೇಳಿಕೆ ಇರಬೇಕು. ಹಿಂದೆ ಎಲ್ಲಿಗೆ ಬಂದು ನಿಂತಿತ್ತು, ನೀವು ಎಲ್ಲಿಗೆ ತಂದಿರಿ, ಸಾಧನೆಯಲ್ಲಿ ಹೊಸ ಹೆಜ್ಜೆ ಯಾವುದು, ಇಷ್ಟು ಸಾಕು. ಒಂದು ಸಣ್ಣ ಸಂಖ್ಯೆಯ ಉದಾಹರಣೆ ಹಾಕಿದರೆ ಓದುವವರು ಕೈಯಲ್ಲೇ ಪರೀಕ್ಷಿಸಿ ನಿಮ್ಮನ್ನು ನಂಬುತ್ತಾರೆ.

ನಮ್ಮ ಬೆಂಗಳೂರಿಗೂ ಈ ಮಾತಿಗೂ ಒಂದು ಹಳೆಯ ಸಂಬಂಧ ಇದೆ. ರಾಮಾನುಜನ್ ಅವರ ಮೊದಲ ಪೇಪರ್, ಬರ್ನೌಲಿ ಸಂಖ್ಯೆಗಳ ಮೇಲಿನದ್ದು, 1911ರಲ್ಲಿ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಬಂತು. ಆಗ ಅದರ ಎಡಿಟರ್ ನಮ್ಮ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ಟಿ. ನಾರಾಯಣ ಅಯ್ಯಂಗಾರ್. ವಿಧಾನ ತೀರಾ ಹೊಸದು, ಬರವಣಿಗೆ ತೀರಾ ಬಿಗಿ, ಸ್ಪಷ್ಟತೆ ಸಾಲದು, ಸಾಮಾನ್ಯ ಓದುಗರಿಗೆ ಹಿಂದೆಯೇ ಬರುವುದು ಕಷ್ಟ ಅಂತ ಅವರಿಗೆ ಅನಿಸಿತು. ಹಸ್ತಪ್ರತಿ ಒಂದಕ್ಕಿಂತ ಹೆಚ್ಚು ಸಲ ರಾಮಾನುಜನ್ ಕೈಗೆ ವಾಪಸ್ ಹೋಗಿ, ತಿದ್ದಿಸಿಕೊಂಡು, ಆಮೇಲೆ ಅಚ್ಚಾಯಿತು. ಆ ಎಡಿಟರ್ ಮೇಲೆ ನನಗೆ ಬಹಳ ಗೌರವ. ಪೇಪರ್ ಅರ್ಥವಾಗುತ್ತಿಲ್ಲ ಅಂತ ತಳ್ಳಿಹಾಕಲಿಲ್ಲ, ಹೆಸರಿಲ್ಲದ ಹುಡುಗ ಅಂತ ಹಾಗೇ ಬಿಡಲಿಲ್ಲ, ಕೂತು ಓದಿ ತಿದ್ದಿಸಿದರು. ಒಳ್ಳೆಯ ಜರ್ನಲ್ ಅಂದರೆ ಅಂಥ ಒಬ್ಬರು ಅಲ್ಲಿ ಇರುವುದು.

ಕಳಿಸುವ ಮುಂಚೆ ಒಬ್ಬ ಪರಿಚಿತರಿಗಾದರೂ ಓದಿಸಿ, ಅಥವಾ ಎದುರು ಕೂತು ಬೋರ್ಡ್ ಮೇಲೆ ಹೇಳಿ. ಬೆಂಗಳೂರಿನಲ್ಲಿ ಇದ್ದೂ ಇದನ್ನು ಮಾಡದಿದ್ದರೆ ನಷ್ಟ ನಿಮ್ಮದೇ. ಐಐಎಸ್‌ಸಿಯ ಗಣಿತ ವಿಭಾಗ ಇದೆ, ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ, ಹೆಸರಘಟ್ಟದ ಕಡೆ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ) ಇದೆ. ಇಲ್ಲೆಲ್ಲ ನಡೆಯುವ ಸೆಮಿನಾರ್‌ಗಳ ಪಟ್ಟಿ ಅವರ ಪುಟದಲ್ಲೇ ಹಾಕಿರುತ್ತಾರೆ. ಸಂಖ್ಯಾ ಸಿದ್ಧಾಂತದ ಸೆಮಿನಾರ್ ಇದ್ದಾಗ ಹೋಗಿ ಕೂರಿ, ಮುಗಿದ ಮೇಲೆ ಕಾಫಿ ಹೊತ್ತಿನಲ್ಲಿ ನಿಮ್ಮ ಪ್ರಮೇಯ ಎರಡು ವಾಕ್ಯದಲ್ಲಿ ಹೇಳಿ ನೋಡಿ. ಡಿಗ್ರಿ ಕಾಲೇಜಿನವನು ಅಂತ ಹಿಂಜರಿಯಬೇಡಿ. ಒಳ್ಳೆಯ ಪ್ರಶ್ನೆ ತಂದವರನ್ನು ಗಣಿತದವರು ಯಾವ ಕಾಲೇಜು ಅಂತ ಕೇಳುವುದು ಕಡಿಮೆ.

ಇನ್ನು ಆರ್ಕೈವ್. ಕದಿಯುತ್ತಾರೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ, ಆದರೆ ವಿಷಯ ಪೂರ್ತಿ ತಿರುಗುಮುರುಗು. ಆರ್ಕೈವ್‌ಗೆ ಹಾಕಿದ ದಿನಾಂಕ ಎಲ್ಲರ ಕಣ್ಣ ಮುಂದೆ ದಾಖಲಾಗುತ್ತದೆ, ಆಮೇಲೆ ಯಾರು ಅದನ್ನೇ ಬರೆದರೂ ಮೊದಲು ಮಾಡಿದ್ದು ನೀವೇ ಅಂತ ತೋರಿಸಬಹುದು. ಜರ್ನಲ್‌ನ ಕಪಾಟಿನಲ್ಲಿ ವರ್ಷ ಕೂತರೆ ಅಂಥ ಸಾಕ್ಷಿ ಇರುವುದಿಲ್ಲ. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಅದನ್ನು ಶುರು ಮಾಡಿದರು. ಗಣಿತದಲ್ಲಿ ಈಗ ಮೊದಲು ಅಲ್ಲಿ ಹಾಕಿ ಆಮೇಲೆ ಜರ್ನಲ್‌ಗೆ ಕಳಿಸುವುದೇ ರೂಢಿ. ರಷ್ಯಾದ ಗಣಿತಜ್ಞ ಪೆರೆಲ್ಮನ್ ಪ್ರಸಿದ್ಧ ಪ್ವಾಂಕರೇ ಊಹೆಯ ಸಾಧನೆಯನ್ನು 2002 ಮತ್ತು 2003ರಲ್ಲಿ ಅಲ್ಲಿ ಮಾತ್ರ ಹಾಕಿದರು, ಜರ್ನಲ್‌ಗೆ ಕಳಿಸಲೇ ಇಲ್ಲ. ಅವರ ಹಾಗೆ ಮಾಡಿ ಅಂತ ಅಲ್ಲ, ನಿಮ್ಮ ಥೀಸಿಸ್‌ಗೆ ಜರ್ನಲ್ ಬೇಕು. ಆದರೆ ಅಲ್ಲಿ ಹಾಕಿದ್ದನ್ನು ಜಗತ್ತು ಎಷ್ಟು ಗಂಭೀರವಾಗಿ ಓದುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮೊದಲ ಸಲ ಹಾಕುವವರಿಗೆ ಅಲ್ಲಿ ಈಗಾಗಲೇ ಪೇಪರ್ ಇರುವ ಒಬ್ಬರು ಅನುಮೋದನೆ ಕೊಡಬೇಕಾಗುತ್ತದೆ. ನಿಮ್ಮ ಗೈಡ್‌ಗೆ ಪೇಪರ್ ಇದ್ದರೆ ಅವರನ್ನೇ ಕೇಳಿ. ಲೇಟೆಕ್‌ನಲ್ಲಿ (ಗಣಿತದ ಸೂತ್ರಗಳನ್ನು ಟೈಪ್‌ಸೆಟ್ ಮಾಡುವ ಸಾಫ್ಟ್‌ವೇರ್) ಮಾಡಿದ್ದರೆ ಪಿಡಿಎಫ್ ಸಾಲದು, ಮೂಲ ಫೈಲ್ ಕೊಡಬೇಕು. ಕಳಿಸುವ ಮುಂಚೆ ಆ ಫೈಲ್‌ನಲ್ಲಿ ಶೇಕಡಾ ಚಿಹ್ನೆ ಹಾಕಿ ಮುಚ್ಚಿಟ್ಟ ನಿಮ್ಮ ಖಾಸಗಿ ಟಿಪ್ಪಣಿಗಳನ್ನೆಲ್ಲ ಅಳಿಸಿ, ಮೂಲ ಫೈಲ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲೈಸೆನ್ಸ್ ಕೇಳುವ ಕಡೆ, ಹಂಚುವ ಹಕ್ಕನ್ನು ಮಾತ್ರ ಆರ್ಕೈವ್‌ಗೆ ಕೊಡುವ ಅವರದೇ ಸಾಧಾರಣ ಲೈಸೆನ್ಸ್ ಆರಿಸಿ, ಆಗ ಮುಂದೆ ಜರ್ನಲ್‌ನ ಕಾಪಿರೈಟ್ ಜೊತೆ ತಕರಾರು ಬರುವುದಿಲ್ಲ. ಕೆಲವು ಜರ್ನಲ್‌ಗಳು ಈಗ ಲೇಖಕರ ಹೆಸರನ್ನು ರೆಫರಿಗೆ ಕಾಣದ ಹಾಗೆ ಇಡುತ್ತವೆ, ಅಂಥ ಕಡೆ ಕಳಿಸುವುದಾದರೆ ಅವರ ನಿಯಮ ಒಮ್ಮೆ ಓದಿಕೊಳ್ಳಿ.

ಕಳಿಸುವ ಕೆಲಸ ಅರ್ಧ ಗಂಟೆಯದ್ದು. ಗಣಿತದ ಬಹಳಷ್ಟು ಜರ್ನಲ್‌ಗಳಿಗೆ ಮೊದಲ ಸಲ ಸಾಧಾರಣ ಲೇಟೆಕ್ ಪಿಡಿಎಫ್ ಸಾಕು, ಅವರ ಟೆಂಪ್ಲೇಟ್‌ಗೆ ಹಾಕುತ್ತಾ ವಾರ ಕಳೆಯಬೇಡಿ. ವಿಷಯ ವರ್ಗೀಕರಣದ ಸಂಖ್ಯೆ ಕೇಳುತ್ತಾರೆ, ಪಾರ್ಟಿಶನ್ ಕಾಂಗ್ರುಯೆನ್ಸ್‌ಗೆ 11ಪಿ83. ಇದನ್ನು ಸರಿಯಾಗಿ ಹಾಕಿ, ಸರಿಯಾದ ರೆಫರಿ ಸಿಗುವುದಕ್ಕೆ ಇದೂ ನೆರವಾಗುತ್ತದೆ. ಜೊತೆಗಿನ ಪತ್ರದಲ್ಲಿ ನಾಲ್ಕೈದು ಸಾಲು ಸಾಕು: ಮುಖ್ಯ ಫಲಿತಾಂಶ ಇದು, ಈ ಜರ್ನಲ್‌ನಲ್ಲಿ ಬಂದ ಇಂಥ ಪೇಪರ್‌ನ ಕೆಲಸವನ್ನು ಮುಂದುವರಿಸುತ್ತದೆ, ಬೇರೆಲ್ಲೂ ಕಳಿಸಿಲ್ಲ. ಎಡಿಟರ್ ಆರಿಸಲು ಬಿಟ್ಟರೆ ನೀವು ಹುಡುಕಿಟ್ಟುಕೊಂಡ ಹೆಸರನ್ನೇ ಹಾಕಿ. ಗಣಿತದಲ್ಲಿ ಲೇಖಕರ ಹೆಸರು ಅಕ್ಷರಾನುಕ್ರಮದಲ್ಲಿ ಬರುತ್ತದೆ, ಹೆಚ್ಚು ಮಾಡಿದವರು ಕಡಿಮೆ ಮಾಡಿದವರು ಅಂತ ಇಲ್ಲ. ಕಾಲೇಜಿನಲ್ಲಿ ಮೊದಲ ಲೇಖಕ ಯಾರು ಅಂತ ಅಂಕ ಲೆಕ್ಕ ಹಾಕುವವರಿಗೆ ಇದನ್ನು ವಿವರಿಸಬೇಕಾಗಬಹುದು. ಅದಕ್ಕೆ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ 2004ರಲ್ಲಿ ಕೊಟ್ಟ ಒಂದು ಹೇಳಿಕೆಯೇ ಇದೆ, ಮುದ್ರಿಸಿ ಕೊಡಿ.

ನಿಮ್ಮ ಹೆಸರಿನ ವಿಷಯ ಈಗಲೇ ತೀರ್ಮಾನ ಮಾಡಿ. ನಮ್ಮಲ್ಲಿ ಇನಿಷಿಯಲ್ ಅಂದರೆ ಒಂದು ಊರು, ಒಂದು ತಂದೆಯ ಹೆಸರು. ಆಧಾರ್‌ನಲ್ಲಿ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ, ಫಾರಂನಲ್ಲಿ ಕೊನೆಯ ಹೆಸರು ಕಡ್ಡಾಯ ಅಂದಾಗ ಸುಮ್ನೆ ಏನೋ ತುಂಬಿಸಿ ಊರಿನ ಹೆಸರೇ ಮನೆತನದ ಹೆಸರಾಗಿ ಅಚ್ಚಾಗಿಬಿಡುತ್ತದೆ. ಮೂರು ಪೇಪರ್ ಆದ ಮೇಲೆ ಮೂವರು ಬೇರೆ ಬೇರೆ ಲೇಖಕರು ಅಂತ ದಾಖಲಾಗಿರುತ್ತದೆ. ಒಂದು ರೂಪ ಆರಿಸಿ, ಆರ್ಕಿಡ್ (ORCID) ಅನ್ನುವ ಸಂಶೋಧಕರ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ, ಅದು ಉಚಿತ, ಕೊನೆತನಕ ಅದನ್ನೇ ಬಳಸಿ. ಇಮೇಲ್ ಕೂಡ ಎರಡು ವರ್ಷ ಆದ ಮೇಲೂ ನೀವು ತೆರೆಯುವಂಥದ್ದೇ ಇರಲಿ. ಕಾಲೇಜು ಬದಲಾಯಿಸಿ ಇಮೇಲ್ ಮುಚ್ಚಿಹೋಗಿ ರೆಫರಿಯ ವರದಿ ತಲುಪದೆ ಹೋದವರನ್ನು ಬಲ್ಲೆ.

ಆಕರಗಳ ಪಟ್ಟಿಗೆ ಚಾಟ್‌ಜಿಪಿಟಿ ಬಳಸಿದ್ದರೆ ಒಂದೊಂದನ್ನೂ ಜೆಡ್‌ಬಿ-ಮ್ಯಾತ್‌ನಲ್ಲಿ ತೆರೆದು ನೋಡಿ. ಚಾಟ್‌ಜಿಪಿಟಿ ಇಲ್ಲದ ಪೇಪರ್‌ಗೆ ಲೇಖಕರು, ವರ್ಷ, ಪುಟ ಎಲ್ಲ ಸೇರಿಸಿ ಕೊಡುವುದುಂಟು. ಅಂಥ ಒಂದು ಸಾಲು ಕಂಡರೆ ರೆಫರಿಗೆ ಸಾಧನೆಯ ಮೇಲೂ ನಂಬಿಕೆ ಹೋಗುತ್ತದೆ.

ಕಳಿಸಿದ ಮೇಲೆ ಕಾಯುವುದು. ಈ ಹೊತ್ತಿನಲ್ಲಿ ಇನ್ನೊಂದು ಜರ್ನಲ್‌ಗೂ ಕಳಿಸಿಬಿಡೋಣ ಅನಿಸುತ್ತದೆ, ಖಂಡಿತ ಬೇಡ. ನಮ್ಮದು ಸಣ್ಣ ಕ್ಷೇತ್ರ, ಎರಡೂ ಜರ್ನಲ್‌ನವರು ಒಬ್ಬರನ್ನೇ ರೆಫರಿ ಮಾಡುವ ಸಾಧ್ಯತೆ ಬಹಳ. ಆರು ತಿಂಗಳ ತನಕ ಸುಮ್ಮನಿರಿ. ಆಮೇಲೆ ಎರಡು ಸಾಲಿನ ಮೇಲ್: ಪೇಪರ್ ಸಂಖ್ಯೆ ಇದು, ಸ್ಥಿತಿ ತಿಳಿಸಬಹುದಾ ಅಂತ. ಯಾರೂ ತಪ್ಪು ತಿಳಿಯುವುದಿಲ್ಲ, ಎಷ್ಟೋ ಸಲ ಆ ಮೇಲ್‌ನಿಂದಲೇ ಎಡಿಟರ್ ರೆಫರಿಗೆ ನೆನಪಿಸುತ್ತಾರೆ. ಎಷ್ಟು ಕಾಲ ಹಿಡಿಯುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಯಿತಾಂಗ್ ಝಾಂಗ್ ಅವರ ಅವಿಭಾಜ್ಯ ಸಂಖ್ಯೆಗಳ ಅಂತರದ ಪೇಪರ್ 2013ರ ಏಪ್ರಿಲ್‌ನಲ್ಲಿ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ಗೆ ಹೋಗಿ ಮೇ ತಿಂಗಳಲ್ಲೇ ಸ್ವೀಕಾರವಾಯಿತು. ಅದೇ ಆನಲ್ಸ್‌ನಲ್ಲಿ ಥಾಮಸ್ ಹೇಲ್ಸ್ ಅವರ ಕೆಪ್ಲರ್ ಊಹೆಯ ಸಾಧನೆ 1998ರಿಂದ ಕಾದು 2005ರಲ್ಲಿ ಅಚ್ಚಾಯಿತು. ಹೇಲ್ಸ್ ಅವರದ್ದರಲ್ಲಿ ಕಂಪ್ಯೂಟರ್ ಲೆಕ್ಕ ತುಂಬಾ ಇತ್ತು, ಹನ್ನೆರಡು ರೆಫರಿಗಳು ವರ್ಷಗಟ್ಟಲೆ ಓದಿದರೂ ಪೂರ್ತಿ ಖಚಿತ ಅನ್ನಲಾಗಲಿಲ್ಲ. ನಿಮ್ಮ ಪೇಪರ್‌ನಲ್ಲೂ ಕಂಪ್ಯೂಟರ್ ಲೆಕ್ಕ ಇದ್ದರೆ ಆ ಕೋಡ್ ಅನ್ನು ಜೊತೆಗೇ ಕೊಡಿ, ಯಾವ ಮಿತಿಯ ತನಕ ಪರೀಕ್ಷಿಸಿದ್ದೀರಿ, ಆ ಮಿತಿ ಯಾಕೆ ಸಾಕು ಅಂತ ಪೇಪರ್‌ನಲ್ಲೇ ಬರೆಯಿರಿ.

ವರದಿ ಬಂದಾಗ ಮೊದಲ ದಿನ ಉತ್ತರ ಬರೆಯಬೇಡಿ. ಎರಡು ದಿನ ಬಿಟ್ಟು ಮತ್ತೆ ಓದಿ. ರೆಫರಿಯ ಒಂದೊಂದು ಮಾತನ್ನೂ ಎತ್ತಿ ಬರೆದು, ಅದರ ಕೆಳಗೆ ಏನು ತಿದ್ದಿದಿರಿ, ಯಾವ ಪುಟದಲ್ಲಿ ಅಂತ ಹೇಳಿ. ರೆಫರಿ ತಪ್ಪು ತಿಳಿದಿದ್ದಾರೆ ಅನಿಸಿದರೂ ಪೇಪರ್‌ನ ಆ ಜಾಗ ಬದಲಾಯಿಸಿ, ಯಾಕೆಂದರೆ ಗಮನವಿಟ್ಟು ಓದಿದವರೇ ಅಲ್ಲಿ ಎಡವಿದರೆ ಉಳಿದವರೂ ಎಡವುತ್ತಾರೆ. ಅವರು ಕೇಳಿದ್ದು ನಿಜವಾಗಿಯೂ ತಪ್ಪಾದರೆ ಮರ್ಯಾದೆಯಿಂದ ಕಾರಣ ಕೊಟ್ಟು ಒಪ್ಪುವುದಿಲ್ಲ ಅನ್ನಿ. ಅದಕ್ಕೆ ಬೆಲೆ ಇದೆ.

ರಿಜೆಕ್ಟ್ ಆದರೂ ಇದೇ ಕೆಲಸ ಮಾಡಿ. ತಿದ್ದದೆ ಅದೇ ಪಿಡಿಎಫ್ ಅನ್ನು ಮರುದಿನ ಇನ್ನೊಂದು ಜರ್ನಲ್‌ಗೆ ಕಳಿಸುವವರಿದ್ದಾರೆ. ಅದು ತಿರುಗಿ ಅದೇ ರೆಫರಿಯ ಮೇಜಿಗೆ ಬರುತ್ತದೆ. ನನಗೇ ಹಾಗೆ ಬಂದದ್ದಿದೆ. ನಾನು ಬರೆದ ಟಿಪ್ಪಣಿಗಳಲ್ಲಿ ಒಂದನ್ನೂ ನೋಡಿಲ್ಲ ಅಂತ ಕಂಡಾಗ, ಎಡಿಟರ್‌ಗೆ ಹಾಗೆಯೇ ಬರೆಯಬೇಕಾಗುತ್ತದೆ. ನಿಮ್ಮ ಗೈಡ್ ಹೇಳಿದ ಹಾಗೆ ಒಂದು ಮೆಟ್ಟಿಲು ಮೇಲಿನ ಜರ್ನಲ್‌ನಿಂದ ಶುರು ಮಾಡಬಹುದು, ಆಗದಿದ್ದರೆ ಬಹಳ ಸಲ ಒಂದೆರಡು ತಿಂಗಳಲ್ಲೇ ಹೇಳುತ್ತಾರೆ. ಆದರೆ ನಾಲ್ಕು ಮೆಟ್ಟಿಲು ಮೇಲಕ್ಕೆ ಹೋಗಿ ಒಂದೊಂದೇ ಇಳಿಯುತ್ತಾ ಬಂದರೆ ಥೀಸಿಸ್ ಸಮಯ ಕಳೆದುಹೋಗುತ್ತದೆ.

ಸ್ವೀಕಾರವಾದ ಮೇಲೆ ಒಂದು ಕಡೆ ನಮ್ಮವರು ಬಹಳ ಮೋಸ ಹೋಗುತ್ತಾರೆ, ಅದನ್ನು ಹೇಳಿಯೇ ಮುಗಿಸಬೇಕು. ದೊಡ್ಡ ಪ್ರಕಾಶಕರ ಜರ್ನಲ್‌ಗಳಲ್ಲಿ ಒಂದು ಫಾರಂ ಬರುತ್ತದೆ, ಓಪನ್ ಆಕ್ಸೆಸ್ ಬೇಕಾ ಅಥವಾ ಚಂದಾ ಪದ್ಧತಿಯಲ್ಲಿ ಇರಲಾ ಅಂತ. ಮೊದಲನೆಯದನ್ನು ಒತ್ತಿದರೆ ಲಕ್ಷಗಟ್ಟಲೆ ರೂಪಾಯಿಯ ಬಿಲ್ ಬರಬಹುದು. ನಿಮ್ಮ ಸಂಸ್ಥೆ ಕಟ್ಟುತ್ತದೆ ಅಂತ ಲಿಖಿತವಾಗಿ ಇಲ್ಲದಿದ್ದರೆ ಎರಡನೆಯದನ್ನೇ ಆರಿಸಿ, ಒಂದು ರೂಪಾಯಿಯೂ ಬೇಡ. ಓದುವವರಿಗೆ ಹೇಗೂ ಆರ್ಕೈವ್ ಪ್ರತಿ ಇದೆಯಲ್ಲ.

ಆಮೇಲೆ ಅಚ್ಚಿನ ಪ್ರೂಫ್ ಬರುತ್ತದೆ, ಎರಡು ಮೂರು ದಿನದಲ್ಲಿ ವಾಪಸ್ ಕೊಡಿ ಅನ್ನುತ್ತಾರೆ. ಸೂತ್ರಗಳನ್ನು ಮತ್ತೆ ಅಕ್ಷರ ಅಕ್ಷರ ಓದಿ. ಘಾತ, ಕೆಳಗಿನ ಸಂಖ್ಯೆ, ಮಾಡ್ಯುಲೋ ಪಕ್ಕದ ಅಂಕೆ, ಇವು ಟೈಪ್‌ಸೆಟ್ ಮಾಡುವಾಗ ಬಹಳ ಕೆಡುತ್ತವೆ, ಅಲ್ಲಿ ಗಣಿತ ಓದಿ ಪರೀಕ್ಷಿಸುವವರು ಯಾರೂ ಇರುವುದಿಲ್ಲ. ನಿಮ್ಮ ಹೆಸರು, ಕಾಲೇಜಿನ ಹೆಸರು, ಪಿಎಚ್‌ಡಿ ಮಾಡುತ್ತಿರುವ ವಿಶ್ವವಿದ್ಯಾಲಯದ ಹೆಸರು ಸರಿಯಾಗಿದೆಯಾ ನೋಡಿ. ಪೇಪರ್ ಹೊರಬಂದ ಮೇಲೆ ರೆಫರಿ ಹೇಳಿದ ತಿದ್ದುಪಡಿಗಳಿರುವ ನಿಮ್ಮದೇ ಫೈಲ್ ಅನ್ನು, ಜರ್ನಲ್‌ನ ನಿಯಮ ನೋಡಿಕೊಂಡು, ಆರ್ಕೈವ್‌ನಲ್ಲಿ ಎರಡನೇ ಆವೃತ್ತಿಯಾಗಿ ಹಾಕಿ, ಅಲ್ಲಿ ಜರ್ನಲ್ ಹೆಸರು ಮತ್ತು ಸಂಪುಟ ತುಂಬಿಸುವ ಜಾಗ ಇದೆ, ಅದನ್ನೂ ತುಂಬಿಸಿ. ಆರ್ಕೈವ್‌ನಿಂದ ನಿಮ್ಮನ್ನು ಉಲ್ಲೇಖಿಸುವವರು ಆಗ ಸರಿಯಾದ ಪೇಪರ್ ಅನ್ನೇ ಉಲ್ಲೇಖಿಸುತ್ತಾರೆ.